ಕರೆ ಕಾಣದ ಮೊದಲ ರಾತ್ರಿ

ಮಾನ್ಯ ಸಂಪಾದಕರೇ,

ಹೋದ ಭಾನುವಾರ ನಿಮ್ಮ ಓದುಗರ ಪತ್ರಗಳ ಪುಟದಲ್ಲಿ ಹಿರಿಯರೊಬ್ಬರು ಬರೆದದ್ದನ್ನು ಓದಿದೆ. ಕರಾವಳಿಯ ಮಕ್ಕಳೆಲ್ಲ ವಿದೇಶಕ್ಕೆ ಹಾರುತ್ತಿದ್ದಾರೆ, ಮನೆಗಳಲ್ಲಿ ವಯಸ್ಸಾದವರು ಮಾತ್ರ ಉಳಿದಿದ್ದಾರೆ ಎಂದು ಅವರು ಬೇಸರದಿಂದ ಬರೆದಿದ್ದರು. ಅವರ ಬೇಸರ ಸುಳ್ಳಲ್ಲ. ನಮ್ಮ ರಸ್ತೆಯಲ್ಲೇ ಅಂಥ ನಾಲ್ಕು ಮನೆಗಳಿವೆ. ರಾತ್ರಿಯಾದರೆ ಇಡೀ ಮನೆಯಲ್ಲಿ ಒಂದೇ ಲೈಟು ಉರಿಯುತ್ತದೆ. ಆದರೆ 'ಹಾರುತ್ತಿದ್ದಾರೆ' ಎಂಬ ಆ ಒಂದು ಮಾತು ನನ್ನನ್ನು ಬಿಡಲಿಲ್ಲ. ಎರಡು ದಿನ ತಲೆಯಲ್ಲೇ ಸುತ್ತಿತು. ಈ ಪತ್ರ ಬರೆಯುತ್ತಿರುವುದು ಅದಕ್ಕೇ.

ನಾನು ಮಲ್ಪೆಯ ಪಡುಕೆರೆಯವಳು. ವಯಸ್ಸು 21. ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಬಿ.ಎಫ್.ಎಸ್ಸಿ ಕೊನೆಯ ಸೆಮಿಸ್ಟರ್ ಪರೀಕ್ಷೆ ಬರೆದು ಈಗಷ್ಟೇ ಮನೆಗೆ ಬಂದಿದ್ದೇನೆ. ಅಪ್ಪ ಆಳಸಮುದ್ರ ಬೋಟಿನಲ್ಲಿ ತಂಡೇಲ, ಅಂದರೆ ಬೋಟು ನಡೆಸುವವರು. ಬೋಟು ನಮ್ಮದಲ್ಲ. ಅಮ್ಮ ಉಡುಪಿಯಲ್ಲಿ ಮೀನು ಮಾರುತ್ತಾಳೆ. ತಮ್ಮ ಪಿಯುಸಿ ಓದುತ್ತಿದ್ದಾನೆ. ಅಜ್ಜಿಗೆ ಎಂಬತ್ತು ದಾಟಿದೆ. ಬರುವ ಅಕ್ಟೋಬರ್‌ನಲ್ಲಿ ನಾನು ಜರ್ಮನಿಯ ಬ್ರೆಮೆನ್ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿಗೆ ಸೇರಬೇಕು. ಸೀಟು ಸಿಕ್ಕಿದೆ. ವೀಸಾ ಇನ್ನೂ ಕೈಗೆ ಬಂದಿಲ್ಲ.

ಕೋರ್ಸು ಉಷ್ಣ ದೇಶಗಳ ಕಡಲಿನ ಬಗ್ಗೆ. 'ಚಳಿ ದೇಶಕ್ಕೆ ಹೋಗಿ ನಮ್ಮ ಕಡಲು ಓದುವುದಾ?' ಎಂದು ಬಂದರಿನಲ್ಲಿ ತುಂಬಾ ಜನ ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ನನ್ನ ಉತ್ತರ ಬೂತಾಯಿ ಮೀನು. ಒಂದು ವರ್ಷ ಬೂತಾಯಿ ಎಷ್ಟು ಬರುತ್ತದೆ ಎಂದರೆ ಕೊಳ್ಳುವವರಿಲ್ಲದೆ ಗೊಬ್ಬರಕ್ಕೆ ಹೋಗುತ್ತದೆ. ಮತ್ತೊಂದು ವರ್ಷ ಅಮ್ಮನ ಬುಟ್ಟಿಯಲ್ಲಿ ನೋಡಲಿಕ್ಕೂ ಸಿಗುವುದಿಲ್ಲ. ಮಳೆಗಾಲದಲ್ಲಿ ಕಡಲಿನ ಅಡಿಯ ತಣ್ಣೀರು ಮೇಲೆ ಬರುತ್ತದೆ, ಅದರ ಜೊತೆ ಮೀನಿನ ಆಹಾರಕ್ಕೆ ಬೇಕಾದ ಸತ್ವವೂ ಬರುತ್ತದೆ. ಬೂತಾಯಿ ಮೊಟ್ಟೆ ಇಡುವುದೂ ಆ ಹೊತ್ತಿಗೇ. ಜೂನ್ 1ರಿಂದ ಜುಲೈ 31ರ ತನಕ ನಮ್ಮ ಬೋಟುಗಳು ಕಡಲಿಗಿಳಿಯದೆ ನಿಲ್ಲುವುದು ಈ ಕಾರಣಕ್ಕೂ ಹೌದು. ನೀರು ಬಿಸಿಯಾದರೆ ಈ ಲೆಕ್ಕವೆಲ್ಲ ಹೇಗೆ ತಪ್ಪುತ್ತದೆ ಎಂದು ಕಲಿಯಬೇಕೆಂಬುದು ನನ್ನ ಆಸೆ. ಬ್ರೆಮೆನ್‌ನ ಕೋರ್ಸಿನಲ್ಲಿ ಉಷ್ಣ ದೇಶದ ಕಡಲಿಗೆ ಬಂದು ಫೀಲ್ಡ್ ವರ್ಕ್ ಮಾಡುವುದೂ ಸೇರಿದೆ. ಹಾಗಾಗಿ ಅದನ್ನೇ ಆರಿಸಿದೆ.

ಓದಿನ ಮಾತು ಅಷ್ಟು ಸಾಕು. ನಾನು ಹೇಳಬೇಕಾದದ್ದು ಬೇರೆ.

ಸೀಟು ಸಿಕ್ಕಿದ ಸುದ್ದಿ ಗೊತ್ತಾದ ವಾರದಲ್ಲೇ ನಮ್ಮ ಊರಿನ ಯುವಕ ಮಂಡಲದವರು ಬಸ್ ಸ್ಟಾಪಿನ ಹತ್ತಿರ ನನ್ನ ಫೋಟೋ ಇರುವ ಫ್ಲೆಕ್ಸ್ ಹಾಕಿದರು. ಪ್ರೀತಿಯಿಂದ ಹಾಕಿದ್ದು. ತಮ್ಮದೇ ಕೈಯಿಂದ ದುಡ್ಡು ಹಾಕಿದ್ದು. ನಾನು ಅವರಿಗೆ ಯಾವತ್ತೂ ಋಣಿ. ಆದರೆ ಆ ಫ್ಲೆಕ್ಸ್ ಎದ್ದ ದಿನದಿಂದ ನನಗೆ ರಾತ್ರಿ ಮೂರು ಗಂಟೆಗೆ ಎಚ್ಚರವಾಗತೊಡಗಿತು. ಬಸ್ಸಿನ ಕಂಡಕ್ಟರ್ 'ಜರ್ಮನಿ ಯಾವಾಗ?' ಎಂದು ಕೇಳುತ್ತಾರೆ. ಐಸ್ ಪ್ಲಾಂಟಿನವರು ಕೇಳುತ್ತಾರೆ. ಅಂಗಡಿಯ ಶೇಖರಣ್ಣ ಚಾಕಲೇಟ್ ಕೊಟ್ಟು ಕಾಸು ತೆಗೆದುಕೊಳ್ಳುವುದಿಲ್ಲ. ಎಲ್ಲರಿಗೂ ನಗುತ್ತಾ ಉತ್ತರ ಕೊಡುತ್ತೇನೆ. ನನಗೆ ಹೆದರಿಕೆ ಆಗುತ್ತಿದೆ ಎಂದು ಯಾರ ಹತ್ತಿರ ಹೇಳುವುದು? ಅಷ್ಟು ದೊಡ್ಡ ಫೋಟೋದಲ್ಲಿ ನಗುತ್ತಿರುವ ಹುಡುಗಿಗೆ ಹೆದರಿಕೆ ಇರಬಹುದು ಎಂದು ಯಾರಿಗಾದರೂ ಹೊಳೆಯುತ್ತದಾ?

ಇದು ನನ್ನೊಬ್ಬಳ ಕತೆಯಾಗಿದ್ದರೆ ನಾನು ಬರೆಯುತ್ತಿರಲಿಲ್ಲ. ಎಕ್ಕೂರಿನ ನಮ್ಮ ಕಾಲೇಜು ಹಾಸ್ಟೆಲಿನಲ್ಲಿ ಮೇ ಕೊನೆಯ ಒಂದು ರಾತ್ರಿ ಮಳೆಗೆ ಕರೆಂಟು ಹೋಗಿತ್ತು. ನಾವು ನಾಲ್ಕು ಜನ ಕತ್ತಲಲ್ಲಿ ಕುಳಿತಿದ್ದೆವು. ಅವರಲ್ಲಿ ಒಬ್ಬಳು ಐರ್ಲೆಂಡಿಗೆ ಹೊರಟವಳು. ದಿನಾ ಸ್ಟೇಟಸ್ ಹಾಕುತ್ತಿದ್ದಳು, ಸೂಟ್‌ಕೇಸ್, ಜಾಕೆಟ್, ಟಿಕೆಟ್. ಕತ್ತಲಲ್ಲಿ ಇದ್ದಕ್ಕಿದ್ದಂತೆ ಅವಳು ಹೇಳಿದಳು: 'ನಂಗೆ ಹೋಗ್ಲಿಕ್ಕೇ ಮನಸ್ಸಿಲ್ಲ ಮಾರಾಯ್ತಿ. ಹೋಗ್ದೆ ಇರ್ಲಿಕ್ಕೂ ಮನಸ್ಸಿಲ್ಲ. ಹೇಳುದು ಯಾರಿಗೆ?' ಯಾರೂ ಮಾತಾಡಲಿಲ್ಲ. ಕರೆಂಟು ಬಂದಾಗ ನಾಲ್ಕೂ ಜನ ಕಣ್ಣು ಒರೆಸಿಕೊಂಡಿದ್ದೆವು. ಮರುದಿನ ಬೆಳಿಗ್ಗೆ ಅವಳು ಮತ್ತೆ ಸ್ಟೇಟಸ್ ಹಾಕಿದಳು.

ಹೋಗಲಿಕ್ಕೂ ಮನಸ್ಸಿಲ್ಲ, ಉಳಿಯಲಿಕ್ಕೂ ಮನಸ್ಸಿಲ್ಲ. ನಮ್ಮ ಸ್ಥಿತಿಯನ್ನು ಇದಕ್ಕಿಂತ ಸರಿಯಾಗಿ ಹೇಳಲಿಕ್ಕೆ ನನಗೆ ಬರುವುದಿಲ್ಲ. ಹಾರುವ ಹಕ್ಕಿಗೆ ಹೀಗೆ ಆಗುವುದಿಲ್ಲ, ಅಲ್ವಾ?

ಹೆದರಿಕೆಯಲ್ಲಿ ಅರ್ಧ ದುಡ್ಡಿನದ್ದು. ಅದರ ಲೆಕ್ಕ ಇಲ್ಲಿ ಬರೆಯುತ್ತೇನೆ. ನನಗೆ ಯಾರೂ ಮೊದಲೇ ಹೇಳಲಿಲ್ಲ. ಹಿಂದಿನಿಂದ ಬರುವವರಿಗೆ ಉಪಕಾರ ಆಗಲಿ. ಆರಂಭದಲ್ಲಿ ನಾನು ಮಂಗಳೂರಿನ ಒಂದು ಏಜೆನ್ಸಿಗೆ ಹೋಗಿದ್ದೆ. ಎಸಿ ರೂಮು, ಗೋಡೆಯ ತುಂಬ ನಗುವ ಮುಖಗಳು. ಅವರು ತೋರಿಸಿದ್ದೆಲ್ಲ ಖಾಸಗಿ ವಿಶ್ವವಿದ್ಯಾಲಯಗಳನ್ನೇ, ಲಕ್ಷ ಲಕ್ಷ ಫೀಸು. ಜರ್ಮನಿಯ ಹೆಚ್ಚಿನ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವೇ ಇಲ್ಲ ಎಂಬ ಮಾತು ಅವರ ಬಾಯಿಂದ ಒಮ್ಮೆಯೂ ಬರಲಿಲ್ಲ. ಅದನ್ನು ಹೇಳಿದ್ದು ಹಾಸ್ಟೆಲಿನ ಹಳೆಯ ವಿದ್ಯಾರ್ಥಿನಿ ಒಬ್ಬರು, ಫೋನಿನಲ್ಲಿ, ಒಂದು ರೂಪಾಯಿ ತೆಗೆದುಕೊಳ್ಳದೆ. ಬಾಡೆನ್-ವ್ಯುರ್ಟೆಂಬೆರ್ಗ್ ಎಂಬ ರಾಜ್ಯದಲ್ಲಿ ನಮ್ಮಂಥ ಹೊರದೇಶದವರಿಗೆ ಸೆಮಿಸ್ಟರ್‌ಗೆ 1,500 ಯೂರೋ ಇದೆ. ಬ್ರೆಮೆನ್‌ನಲ್ಲಿ ಅದಿಲ್ಲ. ಸೆಮಿಸ್ಟರ್‌ಗೆ ಒಂದು ವಂತಿಗೆ ಕಟ್ಟಿದರೆ ಸಾಕು, ಬಸ್ಸು ರೈಲಿನ ಪಾಸೂ ಅದರಲ್ಲೇ ಬರುತ್ತದೆ.

ಫೀಸು ಇಲ್ಲ ಎಂದರೆ ಖರ್ಚಿಲ್ಲ ಎಂದಲ್ಲ. ಮೊದಲು ಎಪಿಎಸ್ ಎಂಬ ಪ್ರಮಾಣಪತ್ರ. ನಮ್ಮ ಅಂಕಪಟ್ಟಿಗಳು ಅಸಲಿ ಎಂದು ಪರಿಶೀಲಿಸಿ ಕೊಡುತ್ತಾರೆ. 2022ರ ನವೆಂಬರ್‌ನಿಂದ ಭಾರತದ ವಿದ್ಯಾರ್ಥಿಗಳಿಗೆ ಇದು ಕಡ್ಡಾಯ. ಅದಕ್ಕೆ 18,000 ರೂಪಾಯಿ. ಆಮೇಲೆ ಬ್ಲಾಕ್ಡ್ ಅಕೌಂಟ್. ಒಂದು ವರ್ಷದ ಊಟ, ಬಾಡಿಗೆಗೆ ಎಂದು 11,904 ಯೂರೋ ಮೊದಲೇ ಕಟ್ಟಿ ತೋರಿಸಬೇಕು. ನಮ್ಮ ದುಡ್ಡಿನಲ್ಲಿ ಹನ್ನೆರಡು ಲಕ್ಷದ ಆಸುಪಾಸು. ಆ ದುಡ್ಡು ನಮ್ಮದೇ, ಯಾರಿಗೂ ಹೋಗುವುದಿಲ್ಲ. ಆದರೆ ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992 ಯೂರೋ ಮಾತ್ರ ಕೈಗೆ ಬಿಡುತ್ತಾರೆ. ಇದನ್ನು ಅಮ್ಮನಿಗೆ ಅರ್ಥ ಮಾಡಿಸಲು ನಾನು ಕಷ್ಟಪಡಲೇ ಇಲ್ಲ. 'ಪಿಗ್ಮಿಯ ಹಾಗೆ, ತಿರುಗಿಸಿ' ಎಂದಳು. ಸರಿಯಾಗಿಯೇ ಹೇಳಿದಳು. ಪಿಗ್ಮಿಯಲ್ಲಿ ದಿನಾ ಸ್ವಲ್ಪ ಕಟ್ಟಿ ಒಟ್ಟಿಗೆ ಪಡೆಯುತ್ತೇವೆ, ಇಲ್ಲಿ ಒಟ್ಟಿಗೆ ಕಟ್ಟಿ ಸ್ವಲ್ಪ ಸ್ವಲ್ಪ ಪಡೆಯುವುದು. ಪಿಗ್ಮಿ ಹುಟ್ಟಿದ್ದೇ ನಮ್ಮ ಉಡುಪಿಯಲ್ಲಿ. 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು ದಿನಕ್ಕೆ ಎರಡಾಣೆಯಂತೆ ಮನೆ ಬಾಗಿಲಿಗೆ ಬಂದು ಸಂಗ್ರಹಿಸಲು ಶುರು ಮಾಡಿದ್ದು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು. ಪಿಗ್ಮಿ ಮಾತ್ರ ನಿಲ್ಲಲಿಲ್ಲ. ನನ್ನ ಎಪಿಎಸ್‌ನ 18,000 ಬಂದದ್ದು ಅಮ್ಮನ ಪಿಗ್ಮಿಯಿಂದ. ದಿನಕ್ಕೆ ನೂರು ರೂಪಾಯಿಯ ಲೆಕ್ಕದಲ್ಲಿ ಅದು ನೂರೆಂಬತ್ತು ದಿನದ ಬುಟ್ಟಿ.

ಉಳಿದದ್ದಕ್ಕೆ ಸಾಲ. ಅಷ್ಟು ದೊಡ್ಡ ಮೊತ್ತಕ್ಕೆ ಜಾಗ ಅಡವಿಡಬೇಕು ಎಂದರು. ನಾವಿರುವುದು ಅಜ್ಜಿಯ ತಾಯಿಯ ಕಡೆಯಿಂದ ಬಂದ ಕುಟುಂಬದ ಜಾಗದಲ್ಲಿ. ಆರ್‌ಟಿಸಿಯಲ್ಲಿ ಒಂಬತ್ತು ಹೆಸರಿದೆ. ಒಂಬತ್ತೂ ಜನರ ಸಹಿ ಬೇಕು. ಮೂವರು ಮುಂಬೈಯಲ್ಲಿ, ಒಬ್ಬರು ಮಸ್ಕತ್ತಿನಲ್ಲಿ. ಅಮ್ಮ ಒಬ್ಬೊಬ್ಬರಿಗೂ ಫೋನ್ ಮಾಡಿದಳು. ಅವಳು ಯಾರ ಹತ್ತಿರವೂ ಏನನ್ನೂ ಕೇಳಿದವಳಲ್ಲ. ಫೋನ್ ಹಿಡಿದು ಅಂಗಳದ ಆ ತುದಿಗೆ ಹೋಗಿ ಮಾತಾಡುತ್ತಿದ್ದಳು, ನನಗೆ ಕೇಳಬಾರದು ಎಂದು. ಒಂಬತ್ತೂ ಸಹಿ ಬಂತು. ಸಂಪಾದಕರೇ, ಇಷ್ಟು ಜನರ ಕೈ ಹಿಡಿದುಕೊಂಡು ಹೋಗುವುದಕ್ಕೆ ಹಾರುವುದು ಎಂದು ಹೇಗೆ ಹೇಳುತ್ತೀರಿ?

ಆ ಸಹಿಯ ನೆಪದಲ್ಲಿ ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿ ಹೇಳಲೇಬೇಕು.

ಅಮ್ಮನ ದೊಡ್ಡಣ್ಣ, ನನ್ನ ಮಾವ, ಸಹಿ ಹಾಕಲೆಂದೇ ಮುಂಬೈಯಿಂದ ಮತ್ಸ್ಯಗಂಧ ರೈಲಿನಲ್ಲಿ ಬಂದರು. ಅವರು ಊರು ಬಿಟ್ಟದ್ದು 1978ರಲ್ಲಿ, ಹದಿನೈದನೇ ವಯಸ್ಸಿಗೆ. ಹೋಟೆಲಿನಲ್ಲಿ ಗ್ಲಾಸು ತೊಳೆಯುವ ಕೆಲಸದಿಂದ ಶುರು ಮಾಡಿ, ರಾತ್ರಿ ಶಾಲೆಯಲ್ಲಿ ಓದಿ, ಮಿಲ್ಲಿನ ಆಫೀಸು ಸೇರಿದವರು. ನಮ್ಮ ಕುಟುಂಬದಲ್ಲಿ ಧೈರ್ಯದ ಮಾತು ಬಂದಾಗಲೆಲ್ಲ ಮಾವನ ಹೆಸರೇ ಮೊದಲು ಬರುತ್ತದೆ. ಅವರು ಬರೆದ ಇನ್‌ಲ್ಯಾಂಡ್ ಲೆಟರುಗಳು ಇವತ್ತಿಗೂ ಅಜ್ಜಿಯ ಕಬ್ಬಿಣದ ಪೆಟ್ಟಿಗೆಯಲ್ಲಿವೆ. ಅಜ್ಜಿಗೆ ಓದು ಬರುವುದಿಲ್ಲ, ಶಾಲೆಯ ಮಾಸ್ಟರು ಓದಿ ಹೇಳುತ್ತಿದ್ದರಂತೆ. ಆ ರಾತ್ರಿ ಊಟವಾದ ಮೇಲೆ ಅಜ್ಜಿ ಪೆಟ್ಟಿಗೆ ತೆರೆದು, 'ನೋಡು, ಮಾವ ಹೇಗೆ ಬರೀತಿದ್ದ, ನೀನೂ ಹಾಗೇ ಬರೀಬೇಕು' ಎಂದಳು. ನಾನು ಒಂದನ್ನು ತೆಗೆದು ಜೋರಾಗಿ ಓದಿದೆ. 'ನಾನು ಇಲ್ಲಿ ಸುಖವಾಗಿದ್ದೇನೆ. ಊಟ ಚೆನ್ನಾಗಿದೆ. ಯಜಮಾನರು ಒಳ್ಳೆಯವರು. ನೀವು ಚಿಂತೆ ಮಾಡಬೇಡಿ.' ಇನ್ನೊಂದು ತೆಗೆದೆ. ಅದರಲ್ಲೂ ಅದೇ.

ಮಾವ ನೆಲ ನೋಡುತ್ತಾ ಕುಳಿತಿದ್ದರು. ಆಮೇಲೆ ನಿಧಾನ ತುಳುವಿನಲ್ಲಿ ಹೇಳಿದರು: 'ಅದೆಲ್ಲ ಸುಳ್ಳಮ್ಮ. ಮೊದಲ ಎರಡು ತಿಂಗಳು ದಿನಾ ಅಳ್ತಿದ್ದೆ. ಹೋಟೆಲಿನ ಹಿಂದೆ ಕಟ್ಟಿಗೆ ರಾಶಿ ಇತ್ತು. ಅದರ ಮರೆಗೆ ಹೋಗಿ ಅಳುವುದು. ಒಂದು ಸಲ ಬೋರಿಬಂದರ್ ಸ್ಟೇಷನಿಗೂ ಹೋಗಿದ್ದೆ, ವಾಪಸ್ ಬರುವ ಅಂತ. ಜೇಬಲ್ಲಿ ದುಡ್ಡಿರ್ಲಿಲ್ಲ.'

ಅಜ್ಜಿ ಪತ್ರವನ್ನು ನನ್ನ ಕೈಯಿಂದ ತೆಗೆದುಕೊಂಡಳು. ಮಡಚಿದಳು. 'ಬರೆಯಬಹುದಿತ್ತಲ್ಲ' ಎಂದಳು. ಮಾವ, 'ಬರೆದಿದ್ದರೆ ನೀನು ಅಳ್ತಿದ್ದೆ' ಎಂದರು. ಅಜ್ಜಿ ಹೇಳಿದಳು: 'ನಾನು ಹೇಗೂ ಅಳ್ತಿದ್ದೆ.'

ಸುಮಾರು ಐವತ್ತು ವರ್ಷ ಇಬ್ಬರೂ ಒಬ್ಬರಿಗೊಬ್ಬರು ಗೊತ್ತಾಗದ ಹಾಗೆ ಅತ್ತಿದ್ದರು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನೂ ಹಾಗೇ ಮಾಡಲು ಹೊರಟಿದ್ದೇನೆ ಎಂದು ಗೊತ್ತಾಯಿತು. ಇನ್‌ಲ್ಯಾಂಡ್ ಲೆಟರ್ ಬದಲು ವಿಡಿಯೋ ಕಾಲ್, ಅಷ್ಟೇ. ಸಿಮ್ ಹಾಕಿದ ದಿನದಿಂದಲೇ 'ಎಲ್ಲ ಸೂಪರ್ ಅಮ್ಮ' ಎಂದು ನಗುತ್ತಾ ಹೇಳುವುದಕ್ಕೆ ನಾನಾಗಲೇ ತಯಾರಾಗಿದ್ದೆ.

ನಮ್ಮ ಮನೆಯಲ್ಲಿ ಹೋಗುವುದು ಹೊಸತಲ್ಲ. ಅಪ್ಪ ಒಂದು ಸಲ ಹೊರಟರೆ ಹತ್ತು ಹನ್ನೆರಡು ದಿನ. ಹೋಗುತ್ತೇನೆ ಎಂದು ನಮ್ಮಲ್ಲಿ ಯಾರೂ ಹೇಳುವುದಿಲ್ಲ. 'ಪೋದು ಬರ್ಪೆ' ಎನ್ನುವುದು, ಹೋಗಿ ಬರುತ್ತೇನೆ ಎಂದು. ಅಮ್ಮ 'ಪೋದು ಬಲೆ' ಎನ್ನುತ್ತಾಳೆ. ಆಮೇಲೆ ಅಪ್ಪ ಬರುವ ತನಕ ಅವರ ಚಪ್ಪಲಿಯನ್ನು ಬಾಗಿಲ ಬಳಿಯಿಂದ ತೆಗೆಯುವುದಿಲ್ಲ. ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ, 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟು ಏಳು ಮಂದಿ ಸಮೇತ ಕಾಣೆಯಾಯಿತು. ತಿಂಗಳುಗಟ್ಟಲೆ ಹುಡುಕಿದರು. 2019ರ ಮೇಯಲ್ಲಿ ಮಹಾರಾಷ್ಟ್ರದ ಮಾಲ್ವಣ್ ಹತ್ತಿರ ಕಡಲಿನ ಅಡಿಯಲ್ಲಿ ಅದರ ಅವಶೇಷ ಸಿಕ್ಕಿತು. ಆ ಐದು ತಿಂಗಳು ನಮ್ಮ ಊರು ಹೇಗಿತ್ತು ಎಂದು ನಾನು ಬರೆಯಲಾರೆ. ಅಪ್ಪ ಆಗಲೂ ಕಡಲಿಗೆ ಹೋಗುತ್ತಿದ್ದರು. ಹೋಗದೆ ಮನೆ ನಡೆಯುವುದಿಲ್ಲ. ಅಮ್ಮ ಆಗಲೂ 'ಪೋದು ಬಲೆ' ಎಂದಷ್ಟೇ ಹೇಳುತ್ತಿದ್ದಳು.

ಹಾಗಾಗಿ ನನ್ನ ಹೆದರಿಕೆಯನ್ನು ಅಪ್ಪನ ಮುಂದೆ ಹೇಳಲು ನಾಚಿಕೆಯಾಗುತ್ತಿತ್ತು. ಅಪ್ಪ ಹೋಗುವುದು ಕಡಲಿಗೆ. ನಾನು ಹೋಗುವುದು ಪುಸ್ತಕ, ಹೀಟರ್, ರೈಲು ಇರುವ ಊರಿಗೆ.

ಈಗ ಬೋಟು ನಿಲ್ಲಿಸುವ ಕಾಲ. ಮಲ್ಪೆ ಬಂದರಿನಲ್ಲಿ ಬೋಟುಗಳು ಒಂದಕ್ಕೊಂದು ಒತ್ತಿ ನಿಂತಿವೆ. ಅಪ್ಪ ದಿನಾ ಮಧ್ಯಾಹ್ನ ಶೆಡ್ಡಿನಲ್ಲಿ ಬಲೆ ರಿಪೇರಿಗೆ ಕೂರುತ್ತಾರೆ. ಮೊನ್ನೆ ನಾನು ಚಹಾ ಒಯ್ದೆ. ಹೊರಗೆ ಮಳೆ ಜೋರಾಗಿತ್ತು. ಬೇರೆ ಯಾರೂ ಇರಲಿಲ್ಲ. ಬಲೆಯ ಒಂದು ತುದಿ ಹಿಡಿದುಕೊಳ್ಳಲು ಹೇಳಿದರು. ಹಿಡಿದುಕೊಂಡೆ. ಎಷ್ಟೋ ಹೊತ್ತಿನ ಮೇಲೆ, ತಲೆ ಎತ್ತದೆ, 'ಹೆದರಿಕೆ ಆಗ್ತದಾ?' ಎಂದು ಕೇಳಿದರು.

ಈ ಮೂರು ತಿಂಗಳಲ್ಲಿ ಆ ಪ್ರಶ್ನೆ ಕೇಳಿದವರು ಅವರೊಬ್ಬರೇ. ಯಾವ ಯೂನಿವರ್ಸಿಟಿ, ಎಷ್ಟು ಖರ್ಚು, ಅಲ್ಲೇ ಕೆಲಸ ಸಿಗ್ತದಾ, ಮದುವೆ ಯಾವಾಗ, ಎಲ್ಲ ಕೇಳಿದ್ದಾರೆ. ಇದನ್ನು ಯಾರೂ ಕೇಳಿರಲಿಲ್ಲ. ನನಗೆ ಮಾತು ಬರಲಿಲ್ಲ. ತಲೆ ಆಡಿಸಿದೆ.

ಅಪ್ಪ ಹೇಳಿದರು: 'ನನಗೂ ಆಗ್ತದೆ. ಕರೆ ಕಾಣದ ಮೊದಲ ರಾತ್ರಿ ಈಗಲೂ ಆಗ್ತದೆ. ಮೂವತ್ತು ವರ್ಷ ಆಯ್ತು. ಎರಡನೇ ದಿನ ಕಡಿಮೆ ಆಗ್ತದೆ, ಕೆಲಸ ಇರ್ತದಲ್ಲ. ಆದ್ರೆ ಮೊದಲ ರಾತ್ರಿ ಆಗ್ತದೆ. ಆ ಹೆದರಿಕೆ ಇಲ್ಲದವನನ್ನು ನಾನು ಬೋಟಿಗೆ ಹತ್ತಿಸುವುದಿಲ್ಲ.'

ಕರೆ ಎಂದರೆ ನಮ್ಮಲ್ಲಿ ದಡ. ಊರಿನ ದೀಪಗಳು ಒಂದೊಂದೇ ಸಣ್ಣದಾಗಿ, ಕೊನೆಗೆ ಮಲ್ಪೆಯ ಬೆಳಕೂ ಕಾಣದ ಹೊತ್ತಿಗೆ, ಬೋಟಿನಲ್ಲಿರುವ ಎಲ್ಲರೂ ಸ್ವಲ್ಪ ಹೊತ್ತು ಮಾತು ನಿಲ್ಲಿಸುತ್ತಾರಂತೆ. ಯಾರೂ ಒಬ್ಬರಿಗೊಬ್ಬರು ಅದನ್ನು ಹೇಳುವುದಿಲ್ಲವಂತೆ. ಅಪ್ಪ ಇದನ್ನು ಅಮ್ಮನಿಗೂ ಹೇಳಿಲ್ಲ. ಈಗ ಈ ಪತ್ರ ಓದಿ ಅವಳಿಗೆ ಗೊತ್ತಾಗಲಿ. ಅಪ್ಪನ ಒಪ್ಪಿಗೆ ಕೇಳಿಯೇ ಬರೆದಿದ್ದೇನೆ.

ಅಂದಿನಿಂದ ನನಗೆ ರಾತ್ರಿ ಮೂರಕ್ಕೆ ಎಚ್ಚರವಾದರೂ ಎದೆ ಹೊಡೆದುಕೊಳ್ಳುವುದಿಲ್ಲ. ಹೆದರಿಕೆ ಹೋಗಿಲ್ಲ. ಆದರೆ ಅದು ನನ್ನೊಬ್ಬಳದ್ದಲ್ಲ ಎಂದು ಗೊತ್ತಾಗಿದೆ.

ನನ್ನ ಹಾಗೆ ಹೊರಟವರು ಬೇರೆ ಯಾರಿದ್ದಾರೆ ಎಂದು ಹುಡುಕುತ್ತಾ ನಾನು ಮತ್ತೊಬ್ಬರ ಬಗ್ಗೆ ಓದಿದೆ. ನಿಮಗೆ ಗೊತ್ತಿರುವವರೇ, ನಿಘಂಟಿನ ಕಿಟ್ಟೆಲ್. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರ ಜುಲೈ 1ರಂದು ಹೊರಟದ್ದು ನಮ್ಮ ಮಂಗಳೂರಿನಿಂದ. ತಂದವರು ಜರ್ಮನಿಯ ಹರ್ಮನ್ ಮೋಗ್ಲಿಂಗ್. ಹತ್ತು ವರ್ಷದ ಮೇಲೆ, 1853ರಲ್ಲಿ, ಫರ್ಡಿನೆಂಡ್ ಕಿಟ್ಟೆಲ್ ಬಂದರು. ಕಿಟ್ಟೆಲ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ ಅಚ್ಚಾಯಿತು ಎಂದು ಶಾಲೆಯಲ್ಲಿ ಓದಿದ್ದೆ. ಇಲ್ಲಿಗೆ ಬಂದಾಗ ಅವರಿಗೆ ಎಷ್ಟು ವಯಸ್ಸು ಎಂದು ಯಾವತ್ತೂ ಲೆಕ್ಕ ಹಾಕಿರಲಿಲ್ಲ. ಹುಟ್ಟಿದ್ದು 1832. ಅಂದರೆ 21. ನನ್ನದೇ ವಯಸ್ಸು. ಅವರ ಊರು ಉತ್ತರ ಸಮುದ್ರದ ಕರೆಯಲ್ಲಿ, ಬ್ರೆಮೆನ್ ಇರುವ ಅದೇ ವಾಯವ್ಯ ಮೂಲೆಯಲ್ಲಿ. ಅವರು ಅಲ್ಲಿಂದ ಇಲ್ಲಿಗೆ ಬಂದರು, ನಾನು ಇಲ್ಲಿಂದ ಅಲ್ಲಿಗೆ ಹೋಗಬೇಕು. ಅವರು ಎಷ್ಟು ಶಬ್ದ ಕೂಡಿಸಿದರು ಎಂದು ನಮಗೆ ಪಾಠ ಇತ್ತು. ಹಡಗು ಹತ್ತಿದ ರಾತ್ರಿ ಅವರಿಗೆ ಹೇಗಾಯಿತು ಎಂದು ಯಾರೂ ಹೇಳಿಕೊಡಲಿಲ್ಲ. ನನಗೆ ಈಗ ಬೇಕಾಗಿರುವುದು ಅದು.

ಬ್ರೆಮೆನ್‌ನಿಂದ ಸುಮಾರು ಅರವತ್ತು ಕಿಲೋಮೀಟರ್ ದೂರದಲ್ಲಿ, ವೇಸರ್ ನದಿ ಕಡಲು ಸೇರುವಲ್ಲಿ, ಬ್ರೆಮರ್‌ಹಾಫೆನ್ ಎಂಬ ಬಂದರಿದೆ. ನಮ್ಮ ಮಲ್ಪೆಯಂತೆ ಮೀನಿನ ಊರೂ ಹೌದು. 1830ರಿಂದ 1974ರ ನಡುವೆ 70 ಲಕ್ಷಕ್ಕೂ ಜಾಸ್ತಿ ಜನ ಆ ಬಂದರಿನಲ್ಲಿ ಹಡಗು ಹತ್ತಿ ಹೊರದೇಶಕ್ಕೆ, ಹೆಚ್ಚಿನವರು ಅಮೆರಿಕಕ್ಕೆ, ಹೋದರು. ಅವರ ಕತೆ ಹೇಳಲು ಅಲ್ಲೊಂದು ಮ್ಯೂಸಿಯಂ ಕಟ್ಟಿದ್ದಾರೆ. ಅಜ್ಜಿಗೆ ಇದನ್ನು ಓದಿ ಹೇಳಿದೆ. ಅವಳು ಕೇಳಿದ್ದು ಒಂದೇ: 'ಅದರಲ್ಲಿ ತಿರುಗಿ ಬಂದವರೆಷ್ಟು?'

ನಾನು ತಿರುಗಿ ಬರುತ್ತೇನಾ? ಎಲ್ಲರೂ ಕೇಳುವುದು ಇದನ್ನೇ. ಹಿರಿಯರ ಪತ್ರದ ಒಳಗೂ ಇದ್ದದ್ದು ಇದೇ ಪ್ರಶ್ನೆ. ಬರಬೇಕೆಂದಿದೆ. ನನ್ನ ಮೀನು ಇಲ್ಲಿದೆ, ನನ್ನ ಜನ ಇಲ್ಲಿದ್ದಾರೆ. ಆದರೆ ಸಾಲ ತೀರಬೇಕು. ಇಲ್ಲಿ ನನ್ನ ಓದಿಗೆ ಕೆಲಸ ಇರಬೇಕು. ಈಗಲೇ ಆಣೆ ಹಾಕು ಎಂದರೆ ಅದೂ ಒಂದು ಇನ್‌ಲ್ಯಾಂಡ್ ಲೆಟರ್ ಬರೆದಂತೆಯೇ ಆಗುತ್ತದೆ. ಆ ಹಿರಿಯರಿಗೆ ನಾನು ಕೈಮುಗಿದು ಕೇಳುವುದು ಇಷ್ಟೇ. ನಮ್ಮನ್ನು ಬೈಯಿರಿ, ಬೇಡ ಎನ್ನುವುದಿಲ್ಲ. ಆದರೆ ನಿಮ್ಮ ಮಗನೋ ಮಗಳೋ ಹೊರಡುವ ಮುಂಚೆ ಒಮ್ಮೆ ಹತ್ತಿರ ಕೂತು ಅಪ್ಪ ಕೇಳಿದ್ದನ್ನು ಕೇಳಿ. ಅವರು ಆಗಲೇ ಹೋಗಿದ್ದರೆ ಇವತ್ತು ರಾತ್ರಿ ಫೋನಿನಲ್ಲಿ ಕೇಳಿ. ನಿಮಗೆ ಹೇಗಾಗುತ್ತಿದೆ ಎಂದೂ ಹೇಳಿ. ಸಂಜೆ ಒಂದೇ ಲೈಟು ಉರಿಯುವ ಮನೆಯಲ್ಲಿ ಕೂತು ನೀವೂ 'ನಾವು ಆರಾಮ' ಎಂದೇ ಹೇಳುತ್ತಿದ್ದೀರಿ, ನನಗೆ ಗೊತ್ತು.

ಸಂಪಾದಕರೇ, ನಿಮ್ಮಲ್ಲೂ ಒಂದು ಕೋರಿಕೆ. ನಿಮ್ಮ ಶಿಕ್ಷಣ ಪುಟದಲ್ಲಿ ಏಜೆನ್ಸಿಗಳ ಜಾಹೀರಾತು ದಿನಾ ಬರುತ್ತದೆ. ಅದರ ಪಕ್ಕದಲ್ಲಿ ವಾರಕ್ಕೊಮ್ಮೆ, ಹೋಗಿ ಎರಡು ಮೂರು ವರ್ಷ ಆದ ನಮ್ಮೂರ ಮಕ್ಕಳ ಕೈಯಿಂದ ಬರೆಸಿ. ಖರ್ಚೆಷ್ಟಾಯಿತು, ಯಾರು ಮೋಸ ಮಾಡಿದರು, ಮೊದಲ ಚಳಿಗಾಲ ಹೇಗಿತ್ತು. ಡಿಸೆಂಬರ್‌ನಲ್ಲಿ ಬ್ರೆಮೆನ್‌ನಲ್ಲಿ ಸಂಜೆ ನಾಲ್ಕೂಕಾಲರೊಳಗೆ ಸೂರ್ಯ ಮುಳುಗುತ್ತಾನಂತೆ. ಆ ಕತ್ತಲಲ್ಲಿ ಒಬ್ಬಳೇ ರೂಮಿಗೆ ನಡೆಯುವಾಗ ಏನು ಮಾಡಬೇಕು ಎಂದು ನನಗೆ ಯಾವ ಬ್ರೋಷರೂ ಹೇಳಿಲ್ಲ. ವಾಪಸ್ ಬಂದವರಿಂದಲೂ ಬರೆಸಿ. ಅರ್ಧಕ್ಕೇ ಬಿಟ್ಟು ಬಂದವರಿಂದ ಮೊದಲು ಬರೆಸಿ. ಅವರನ್ನು ನಮ್ಮೂರಲ್ಲಿ ಸೋತವರಂತೆ ನೋಡುತ್ತಾರೆ. ಅವರಿಗೆ ಗೊತ್ತಿರುವಷ್ಟು ನಮಗೆ ಬೇರೆ ಯಾರೂ ಹೇಳಿಕೊಡಲಾರರು. ಮತ್ತೆ, ಸಾಧ್ಯವಾದರೆ ಶೀರ್ಷಿಕೆಯಲ್ಲಿ 'ಹಾರಿದರು' ಎಂದು ಹಾಕಬೇಡಿ.

ಮನೆಯ ಸುದ್ದಿ ಸ್ವಲ್ಪ ಹೇಳಿ ಮುಗಿಸುತ್ತೇನೆ. ಅಮ್ಮ ಮೇ ಬಿಸಿಲಿನಲ್ಲೇ ಎಟ್ಟಿ (ಸಿಗಡಿ) ಒಣಗಿಸಿ ಡಬ್ಬಿಯಲ್ಲಿ ತುಂಬಿಟ್ಟಿದ್ದಾಳೆ. ತುಪ್ಪ ಒಯ್ಯುವಂತಿಲ್ಲ, ಹಾಲಿನ ಪದಾರ್ಥ, ಮಾಂಸ ಅಲ್ಲಿಗೆ ಬಿಡುವುದಿಲ್ಲ. ಮೀನಿಗೆ 20 ಕಿಲೋ ತನಕ ಅಡ್ಡಿಯಿಲ್ಲ ಎಂದಾಗ ಅವಳ ಮುಖ ನೋಡಬೇಕಿತ್ತು. ಹೊತ್ತಿನ ಲೆಕ್ಕವನ್ನೂ ಕಲಿತಿದ್ದಾಳೆ. ಅವಳು ಏಳುವುದು ಬೆಳಗಿನ ನಾಲ್ಕಕ್ಕೆ. ಚಳಿಗಾಲದಲ್ಲಿ ಆಗ ಬ್ರೆಮೆನ್‌ನಲ್ಲಿ ರಾತ್ರಿ ಹನ್ನೊಂದೂವರೆ. ನಾನು ಮಲಗುವ ಹೊತ್ತಿಗೆ ಅವಳು ಏಳುತ್ತಾಳೆ. ಮಾತಾಡಲು ಅದೇ ಸಮಯ ಎಂದು ಇಬ್ಬರೂ ನಿಶ್ಚಯ ಮಾಡಿದ್ದೇವೆ. ಸುಳ್ಳು ಹೇಳಬಾರದು ಎಂದೂ ಮಾತಾಗಿದೆ. ಅವಳಿಂದ ಅದು ಆಗುತ್ತದೋ ಇಲ್ಲವೋ ಗೊತ್ತಿಲ್ಲ. ನನ್ನಿಂದಲೂ.

ಆಗಸ್ಟ್ 1ಕ್ಕೆ ಬೋಟುಗಳ ತಡೆ ಮುಗಿಯುತ್ತದೆ. ನೂಲ ಹುಣ್ಣಿಮೆಯ ದಿನ ವಡಭಾಂಡೇಶ್ವರದಲ್ಲಿ ಸಮುದ್ರಕ್ಕೆ ಹಾಲು, ತೆಂಗಿನಕಾಯಿ ಬಿಡುವಾಗ ನಾನೂ ಹೋಗುತ್ತೇನೆ. ವೀಸಾ ಬಂದರೆ ಹೊರಡುವುದು ಸೆಪ್ಟೆಂಬರ್ ಕೊನೆಯ ವಾರ. ಆ ದಿನ ಅಪ್ಪ ಕರೆಯಲ್ಲಿರುತ್ತಾರೋ ಕಡಲಲ್ಲಿರುತ್ತಾರೋ ಈಗ ಹೇಳಲು ಬರುವುದಿಲ್ಲ. ಟ್ರಿಪ್ಪಿನ ಲೆಕ್ಕ ಮೀನಿನ ಕೈಯಲ್ಲಿದೆ. ಕಡಲಲ್ಲಿದ್ದರೆ ಏನು ಮಾಡಬೇಕು ಎಂದು ಅಪ್ಪನೇ ಹೇಳಿಕೊಟ್ಟಿದ್ದಾರೆ. ವಿಮಾನ ಹತ್ತಿದ ಕೂಡಲೇ ನಾನು ತಮ್ಮನಿಗೆ ಫೋನ್ ಮಾಡಬೇಕು. ಅವನು ಬಂದರಿಗೆ ಹೋಗಿ ಆಗಷ್ಟೇ ಹೊರಡುವ ಬೋಟಿನವರಿಗೆ ಹೇಳಬೇಕು. ಅವರು ವಯರ್‌ಲೆಸ್ಸಿನಲ್ಲಿ ಮುಂದಿನ ಬೋಟಿಗೆ, ಅವರು ಅದರಾಚೆಯ ಬೋಟಿಗೆ ಹೇಳುತ್ತಾರೆ.

ಇತಿ ನಿಮ್ಮ ಓದುಗಾರ್ತಿ,
ಮೀನುಗಾರಿಕಾ ಕಾಲೇಜಿನ ವಿದ್ಯಾರ್ಥಿನಿ
ಪಡುಕೆರೆ, ಮಲ್ಪೆ, ಉಡುಪಿ
(ಮನೆಯವರ ಮಾತುಗಳನ್ನು ಬರೆದಿರುವುದರಿಂದ ದಯವಿಟ್ಟು ಹೆಸರು ಹಾಕಬೇಡಿ.)